ಬದಲಿ ನಿಂತವರು

ನನ್ನ ಕೆಲಸ ಜನರನ್ನು ಅಲುಗಾಡದಂತೆ ನಿಲ್ಲಿಸುವುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಸೋದರಮಾವ ಕರಿಬಸಪ್ಪ ನನ್ನನ್ನು ತನ್ನ ಚಿತ್ರದಂಗಡಿಗೆ ಸೇರಿಸಿಕೊಂಡ. ಅಂಗಡಿ ಎಂದರೆ ಒಂದು ಬಯಲು ಅಂಗಳ, ಅದರ ಕೊನೆಗೆ ಒರಗಿಸಿಟ್ಟ ಸುಣ್ಣದ ಹಲಗೆಗಳು, ಬಾಡಿಗೆಗೆ ಕೊಡುವ ಜರಿಪೇಟ, ಹುಡುಗರು ಹಿಡಿದು ನಿಲ್ಲಲು ಒಂದು ಮರದ ಬಂದೂಕು, ಕೈ ಮುರಿದ ಒಂದು ಕುರ್ಚಿ. ಬಂದವರು ಬಿಸಿಲಿಗೆ ಬೆನ್ನು ಮಾಡಿ, ಹಲಗೆಗೆ ಮುಖ ಕೊಟ್ಟು ನಿಲ್ಲುತ್ತಾರೆ. ನಾನು ಅವರ ಸುತ್ತ ಓಡಾಡುತ್ತಾ ಸೆರಗು ಸರಿಮಾಡುತ್ತೇನೆ, ಕೂಸಿನ ಗಲ್ಲ ಎತ್ತುತ್ತೇನೆ, ಕುಳ್ಳರನ್ನು ಮುಂದಕ್ಕೆ ತರುತ್ತೇನೆ. ಅವರು ಹಲಗೆಯನ್ನೇ ನೋಡುತ್ತಿರುವುದರಿಂದ ಯಾರೂ ನನ್ನ ಮುಖ ನೋಡುವುದಿಲ್ಲ. ನನಗೆ ಅದೇ ಬೇಕಾಗಿತ್ತು. ನಾಲ್ಕು ಜನ ಒಟ್ಟಿಗೆ ನನ್ನನ್ನು ನೋಡಿದರೆ ಗಂಟಲಲ್ಲಿ ಮಾತು ಒಣಗಿಹೋಗುತ್ತದೆ.

ನಮ್ಮೂರಿನಲ್ಲಿ ಸುಣ್ಣ ಬಳಿದ ಗೋಡೆ ತನ್ನೆದುರು ಅಲುಗಾಡದೆ ಇದ್ದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಲೆಯ ಮೇಲಿಟ್ಟ ಅನ್ನ ಬೆಂದು ಇಳಿಸುವಷ್ಟು ಹೊತ್ತು ಇದ್ದರೆ ಸಾಕು. ಮಾರನೆಯ ಬೆಳಗಿಗೆ ಹೊಗೆಯ ಬಣ್ಣದಲ್ಲಿ ಮೂಡುತ್ತದೆ. ಮೇಲೆ ಮತ್ತೆ ಸುಣ್ಣ ಬಳಿದರೂ ಸ್ವಲ್ಪ ದಿನಕ್ಕೆ ಹೊರಗೆ ಬರುತ್ತದೆ. ಹಳೆಯದರ ಮೇಲೆ ಹೊಸದು ಕೂರುವುದಿಲ್ಲ, ಬಿಳಿಯಾಗಿ ಉಳಿದ ಕಡೆ ಮಾತ್ರ ಕೂರುತ್ತದೆ. ಅಲುಗಾಡುವುದು ಗೋಡೆಗೆ ಕಾಣುವುದೇ ಇಲ್ಲ. ಮದುಮಗಳಿಗೆ ಬೀಸಣಿಗೆ ಬೀಸುತ್ತಾ ನಿಂತರೆ ಬೀಸಣಿಗೆ ಬರುವುದಿಲ್ಲ, ಅದರ ಹಿಂದಿನ ಮುಖ ಮಾತ್ರ ಸ್ಪಷ್ಟವಾಗಿ ಬರುತ್ತದೆ. ಅದಕ್ಕೇ ಬೇರೆ ಊರಿನವರು ನಮ್ಮನ್ನು ಕಂಡು ನಗುತ್ತಾರೆ. ನಮ್ಮವರು ಜಗಳವಾಡುವಾಗ ಬೀದಿಯಲ್ಲಿ ಸುತ್ತು ಹಾಕುತ್ತಾ ಜಗಳವಾಡುತ್ತಾರೆ. ಚಾಡಿ ಹೇಳುವ ಹೆಂಗಸರು ಮೈ ತೂಗುತ್ತಾ ಹೇಳುತ್ತಾರೆ. ಮನೆಯ ಒಳಗೋಡೆಗಳಿಗೆ ಕೆಮ್ಮಣ್ಣು ಸಾರಿಸುತ್ತೇವೆ, ಸುಮ್ಮನೆ ಕೂರಲು ಒಂದು ಜಾಗ ಬೇಕಲ್ಲ. ಪೊಲೀಸರಂತೂ ಕೆಲಸದ ಮೇಲಿದ್ದಾಗ ನಿಂತಲ್ಲೇ ಹೆಜ್ಜೆ ಹಾಕುತ್ತಿರುತ್ತಾರೆ, ಮಾತಾಡುವಾಗಲೂ, ಚಹಾ ಕುಡಿಯುವಾಗಲೂ. ಅದು ಅವರ ತರಬೇತಿ.

ನ್ಯಾಯ ತೀರ್ಮಾನಗಳೂ ಗೋಡೆಯ ಮೇಲೇ ಆಗುತ್ತವೆ. ಬಾಯಿಸಾಕ್ಷಿಯನ್ನು ನಮ್ಮೂರ ಕೋರ್ಟು ಕೇಳುವುದಿಲ್ಲ. ಗೋಡೆಯ ಗಾರೆ ಕೆಡವಿದವನಿಗೆ ಜೈಲು, ಅವನು ಯಾರೇ ಆಗಿರಲಿ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಮನೆಯವರೆಲ್ಲ ಸೇರಿ ಚಿತ್ರಕ್ಕೆ ನಿಲ್ಲುವ ಮೊದಲೇ ಯಾರಾದರೂ ತೀರಿಕೊಂಡಿದ್ದರೆ, ಹತ್ತಿರದ ಸಂಬಂಧಿಯೊಬ್ಬರು ಸತ್ತವರ ಬಟ್ಟೆ ತೊಟ್ಟು, ಮುಖಕ್ಕೆ ಬಿಗಿಯಾಗಿ ವಸ್ತ್ರ ಕಟ್ಟಿಕೊಂಡು ಅವರ ಜಾಗದಲ್ಲಿ ನಿಲ್ಲುತ್ತಾರೆ. ಇದಕ್ಕೆ ಬದಲಿ ನಿಲ್ಲುವುದು ಎನ್ನುತ್ತೇವೆ. ನಮ್ಮಪ್ಪನಿಗೆ ಮಾವ ಬದಲಿ ನಿಂತಿದ್ದ. ಮನೆಯಲ್ಲಿರುವ ಹಲಗೆಯಲ್ಲಿ ಅವ್ವನ ಪಕ್ಕದಲ್ಲಿ ಮುಖವಿಲ್ಲದವನೊಬ್ಬ ಅಪ್ಪನ ಕೋಟು ಹಾಕಿಕೊಂಡು ನಿಂತಿದ್ದಾನೆ. ಅವನನ್ನು ಅಪ್ಪ ಎಂದೇ ನಾನೂ ಅಣ್ಣನೂ ಬೆಳೆದೆವು. ಅದನ್ನು ಸುಳ್ಳು ಎಂದು ಯಾರೂ ಅನ್ನುವುದಿಲ್ಲ.

ಅಣ್ಣ ಹೊನ್ನೇಶ ನನ್ನ ಹಾಗಲ್ಲ, ಮಾತುಗಾರ. ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ. ಊರಿನ ಕೆರೆಯನ್ನು ಸರ್ಕಾರ ಒಂದು ಕಾಗದದ ಕಾರ್ಖಾನೆಗೆ ಬರೆದುಕೊಟ್ಟಿತು. ಮೊದಲು ಬೇಲಿ ಬಂತು, ಆಮೇಲೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ನಮ್ಮ ಕೇರಿಯವರು ಎಷ್ಟೋ ಸಲ ಕಚೇರಿಗೆ ಹೋಗಿ ಕೇಳಿದರು. ಪ್ರತಿ ಸಲವೂ ಒಳಗಿನವರು, ಇದಕ್ಕೆ ಮೊದಲು ಯಾರೂ ಬಂದೇ ಇಲ್ಲವಲ್ಲ ಎನ್ನುತ್ತಿದ್ದರು. ಹೋದವರು ಸಿಟ್ಟಿನಲ್ಲಿ ಕೈಕಾಲು ಆಡಿಸುತ್ತಾ ಕೂಗಾಡಿ ಬಂದಿರುತ್ತಿದ್ದರಿಂದ ಕಚೇರಿಯ ಗೋಡೆಯೂ ಯಾರೂ ಬಂದಿಲ್ಲ ಎಂದೇ ತೋರಿಸುತ್ತಿತ್ತು. ಆಗ ಅಣ್ಣನೇ ಆ ಉಪಾಯ ತೆಗೆದ. ಎಲ್ಲರೂ ಹೋಗಿ ಕಚೇರಿಯ ಉದ್ದ ಗೋಡೆಗೆ ಮುಖ ಮಾಡಿ ಸುಮ್ಮನೆ ನಿಲ್ಲೋಣ, ಕೂಗುವುದು ಬೇಡ, ಗೋಡೆ ನಮ್ಮನ್ನು ಹಿಡಿದುಕೊಳ್ಳಲಿ, ಆಮೇಲೆ ಅದನ್ನು ಅಳಿಸುವುದು ಯಾರಿಂದಲೂ ಆಗುವುದಿಲ್ಲ ಎಂದ. ಕೇರಿಯಲ್ಲಿ ಎಲ್ಲರಿಗೂ ಅದು ಹಿಡಿಸಿತು. ಹೆಂಗಸರು ಮದುವೆ ಸೀರೆ ತೆಗೆದರು. ಮುದುಕರು ಕ್ಷೌರ ಮಾಡಿಸಿಕೊಂಡರು.

ನಿಲ್ಲಿಸಲು ನನ್ನನ್ನೇ ಕರೆದುಕೊಂಡು ಹೋದ. ಬೆಳಗಿನ ಬಿಸಿಲು ಗೋಡೆಯ ಮೇಲೆ ಬಿದ್ದಿತ್ತು. ನಾನು ಸಾಲು ಮಾಡಿದೆ, ಕುಳ್ಳರು ಮುಂದೆ, ಎತ್ತರದವರು ಹಿಂದೆ. ಅಣ್ಣ ಎತ್ತರದವನು. ಆದರೂ ಮುಂದಿನ ಸಾಲಿನಲ್ಲೇ ನಿಲ್ಲುತ್ತೇನೆ ಎಂದು ಹಟ ಹಿಡಿದ. ಹಿಂದಿದ್ದ ದ್ಯಾಮಜ್ಜಿ, ನಿನ್ನ ಬೆನ್ನು ನೋಡ್ತಾ ನಿಂತ್ಕೊಳ್ಳೋಕೆ ನಾನು ಈ ಸೀರೆ ಉಟ್ಕೊಂಡು ಬಂದ್ನೇನೋ ಎಂದು ಬೈದಳು. ಎಲ್ಲರೂ ನಕ್ಕರು. ಅಣ್ಣ ಮಂಡಿಯೂರಿ ಕುಳಿತ. ಏನೇ ಆದರೂ ಅಲುಗಾಡಬೇಡಿ, ಓಡಿದರೆ ನಾವು ಬಂದೇ ಇರಲಿಲ್ಲ ಅಂತಾಗುತ್ತೆ ಎಂದು ಕೊನೆಯ ಸಲ ಹೇಳಿದ. ನಾನು ಗೋಡೆಯ ಮೂಲೆಗೆ ಸರಿದು, ಅಭ್ಯಾಸದ ಪ್ರಕಾರ ಅತ್ತಿತ್ತ ಹೆಜ್ಜೆ ಹಾಕುತ್ತಾ ನಿಂತೆ.

ಅನ್ನ ಬೇಯುವಷ್ಟು ಹೊತ್ತು ಇನ್ನೂ ಆಗಿರಲಿಲ್ಲ, ಪೊಲೀಸರು ಅವರ ಬೆನ್ನ ಹಿಂದೆ ಬಂದರು. ಅವರು ಬಂದದ್ದು ನನಗೆ ಕಂಡಿತು, ನಿಂತವರಿಗೆ ಕೇಳಿಸಿತು ಅಷ್ಟೇ. ಚದುರಿ ಎಂದು ಕೂಗಿದರು. ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಕೂಗಿದರು. ಮುಂದಿನ ಸಾಲಿನ ಒಬ್ಬ ಹುಡುಗಿಯ ರೆಪ್ಪೆ ಪಟಪಟನೆ ಬಡಿಯುತ್ತಿತ್ತು, ಮೈ ಮಾತ್ರ ಕಲ್ಲಿನ ಹಾಗಿತ್ತು. ಪೊಲೀಸರಲ್ಲಿ ಕೆಲವರು ಮಂಡಿಯೂರಿದರು, ಕೆಲವರು ಹಿಂದೆ ನಿಂತರು, ಎಲ್ಲರೂ ಸೊಂಟದಿಂದ ಮೇಲಕ್ಕೆ ತೂಗುತ್ತಲೇ ಇದ್ದರು. ತೂಗುತ್ತಲೇ ಗುಂಡು ಹೊಡೆದರು. ನಮ್ಮವರು ನಿಂತೇ ಇದ್ದರು. ಪಕ್ಕದವರು ಬಿದ್ದರೂ ಕೆಲವರು ಗೋಡೆ ನೋಡುತ್ತಾ ಹಾಗೇ ನಿಂತಿದ್ದರು. ಓಡುವ ಬುದ್ಧಿ ಬರುವಷ್ಟರಲ್ಲಿ ಬಹಳ ಜನ ಬಿದ್ದಾಗಿತ್ತು. ನಾನು ಬಾಯಿ ತೆರೆದಿದ್ದೆ. ಸ್ವರ ಬರಲಿಲ್ಲ.

ಆಮೇಲೆ ಪೊಲೀಸರು ಮೇಲಿನವರ ಅಪ್ಪಣೆಗೆ ಕಾಯುತ್ತಾ, ಬಿದ್ದವರ ಸುತ್ತ ಹೆಜ್ಜೆ ಹಾಕುತ್ತಾ ನಿಂತರು. ಅನ್ನ ಬೆಂದು ಇಳಿಸುವುದಕ್ಕಿಂತ ಹೆಚ್ಚೇ ಹೊತ್ತಾಯಿತು. ಹೆಣಗಳನ್ನು ಅವರೇ ಲಾರಿಗೆ ಹಾಕಿಕೊಂಡು ಹೋಗಿ ಸುಟ್ಟರು. ನೆಲ ತೊಳೆದರು.

ಮಾರನೆಯ ಬೆಳಗ್ಗೆ ಗೋಡೆಯ ಕೆಳಗಿನ ಅರ್ಧದಲ್ಲಿ ನಮ್ಮವರು ಮೂಡಿದ್ದರು. ಸಾಲಾಗಿ, ಒಬ್ಬರ ಮೇಲೊಬ್ಬರು ಕಾಲು ಹಾಕಿಕೊಂಡು ಮಲಗಿದವರ ಹಾಗೆ. ದ್ಯಾಮಜ್ಜಿಯ ಸೀರೆಯ ಅಂಚಿನ ಹೂಗಳು ಕೂಡ ಬಂದಿದ್ದವು. ಅಣ್ಣನ ಕೆನ್ನೆ ನೆಲಕ್ಕೆ ಒತ್ತಿತ್ತು, ಕಣ್ಣು ತೆರೆದಿತ್ತು. ಹರಿಯುವ ರಕ್ತವನ್ನು ಗೋಡೆ ಹಿಡಿಯುವುದಿಲ್ಲ. ಮೇಲಿನ ಅರ್ಧ ಬರೀ ಬಿಳುಪು. ಒಬ್ಬ ಪೊಲೀಸನೂ ಇರಲಿಲ್ಲ, ಒಂದು ಬೂಟೂ ಇರಲಿಲ್ಲ.

ವಿಚಾರಣೆಗೆಂದು ರಾಜಧಾನಿಯಿಂದ ಒಬ್ಬ ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಮೆದು ಮಾತು. ಗೋಡೆಯ ಮುಂದೆ ಕುರ್ಚಿ ಹಾಕಿಸಿಕೊಂಡು, ನಮ್ಮೂರಿನವರ ಹಾಗೇ ಮೈ ತೂಗುತ್ತಾ ಬಹಳ ಹೊತ್ತು ನೋಡಿದರು. ಅವ್ವ ಜನರನ್ನು ಸೀಳಿಕೊಂಡು ಮುಂದೆ ಹೋಗಿ, ಸ್ವಾಮಿ, ನನ್ನ ಮಗನಿಗೆ ಬೆನ್ನಿಗೆ ಗುಂಡು ಹೊಡೆದರು ಎಂದಳು. ಸಾಹೇಬರು ಅವಳ ಮಾತು ಮುಗಿಯುವ ತನಕ ಕಾದರು. ಆಮೇಲೆ ಗೋಡೆಯಲ್ಲಿ ತೋರಿಸಮ್ಮ ಎಂದರು. ಅವ್ವ ಬಿಳಿಯ ಜಾಗದ ಕಡೆ ಕೈ ಮಾಡಿದಳು. ಸಾಹೇಬರು ತಲೆ ತಗ್ಗಿಸಿದರು, ನಿಜವಾಗಿಯೂ ಬೇಸರವಾದವರ ಹಾಗೆ. ಮಂದಿ ಬಿಸಿಲಿಗೆ ತಲೆ ತಿರುಗಿ ಬಿದ್ದು ಒಬ್ಬರನ್ನೊಬ್ಬರು ತುಳಿದು ಸತ್ತಿದ್ದಾರೆ ಎಂದು ಗುಮಾಸ್ತನಿಗೆ ಬರೆಸಿದರು. ಸದ್ಯಕ್ಕೆ ಇಷ್ಟೇ, ಸರ್ಕಾರಿ ರಜೆಯ ಮಾರನೆಯ ದಿನ ಮತ್ತೆ ಬಂದು ಕೊನೆಯ ಸಲ ಗೋಡೆ ನೋಡಿ ಆಜ್ಞೆಗೆ ರುಜು ಹಾಕುತ್ತೇನೆ ಎಂದು ಹೇಳಿ ಹೋದರು.

ಅವ್ವನಿಗೆ ಉಣ್ಣಲು ಆಗಲಿಲ್ಲ. ಅಣ್ಣ ಸತ್ತದ್ದಕ್ಕಿಂತ ಸಾಹೇಬರು ಬರೆಸಿದ ಆ ಮಾತು ಅವಳನ್ನು ಹೆಚ್ಚು ತಿಂದಿತು ಎಂದು ನನಗೆ ಅನ್ನಿಸುತ್ತದೆ. ತುಳಿಸಿಕೊಂಡು ಸತ್ತನಂತೆ ಎಂದು ಒಲೆಯ ಮುಂದೆ ಕುಳಿತು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಅಷ್ಟು ಅಲುಗಾಡದೆ ಕೂತಿದ್ದವನು ಯಾರ ಕಾಲಿಗೆ ಸಿಕ್ಕಿ ತುಳಿಸಿಕೊಂಡ ಎಂದು ನನ್ನನ್ನು ಕೇಳುತ್ತಿದ್ದಳು. ಒಂದು ಸಂಜೆ ಎದ್ದು ಮಾವನ ಅಂಗಡಿಗೆ ನಡೆದಳು. ನಾನು ಹಿಂದೆ ಹೋದೆ.

"ಕರಿಬಸಾ, ನಾವು ಬದಲಿ ನಿಲ್ಲೋಣ ಕಣೋ," ಎಂದಳು.

ಮಾವ ಹಲಗೆಗೆ ಸುಣ್ಣ ತೀಡುತ್ತಿದ್ದ. ಯಾರಿಗೆ ಎಂದು ಕೇಳಿದ. ಪೊಲೀಸರಿಗೆ ಎಂದಳು.

ಮಾವ ಹಲಗೆಯನ್ನು ಗೋಡೆಗೆ ಒರಗಿಸಿಟ್ಟ. ಆಮೇಲೆ, ಬದಲಿ ನಿಲ್ಲುವುದು ನಮ್ಮವರಿಗೆ, ಸತ್ತವರಿಗೆ, ಕಂಡಕಂಡವರಿಗಲ್ಲ ಎಂದ. ಒಮ್ಮೆ ಹೀಗೆ ಮಾಡಿದರೆ ಊರಲ್ಲಿ ಯಾವ ಗೋಡೆಯನ್ನೂ ನಂಬುವ ಹಾಗಿರುವುದಿಲ್ಲ ಎಂದ. ಇಷ್ಟು ವರ್ಷ ಒಂದು ಹಲಗೆಯಲ್ಲೂ ಮೋಸ ಮಾಡಿದವನಲ್ಲ ಎಂದ. ಅವ್ವ ಎಲ್ಲವನ್ನೂ ಕೇಳಿದಳು.

"ಅವರು ಅಲ್ಲಿದ್ರೋ ಇಲ್ವೋ?"

"ಇದ್ರು ಅಕ್ಕ."

"ನನ್ನ ಗಂಡ ನನ್ನ ಪಕ್ಕ ನಿಂತೇ ಇರ್ಲಿಲ್ಲ. ನೀನು ಅವನ ಕೋಟು ಹಾಕ್ಕೊಂಡು ನಿಂತೆ. ಅದು ಸುಳ್ಳಲ್ಲ, ಇದು ಸುಳ್ಳಾ?"

ಮಾವ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಮಾರನೆಯ ದಿನದಿಂದ ಅವನು ಹೊಂಗೆ ಮರದ ತುಂಡು ತಂದು, ಅಂಗಡಿಯ ಬಂದೂಕನ್ನು ಎದುರಿಗಿಟ್ಟುಕೊಂಡು ಅದರ ಹಾಗೇ ಇನ್ನಷ್ಟು ಕೆತ್ತಿದ. ಸತ್ತವರ ಮನೆಯ ಹೆಂಗಸರು ಲಾರಿ ಡ್ರೈವರುಗಳಿಂದ ಖಾಕಿ ಅಂಗಿ ತಂದರು. ಟೋಪಿಗಳನ್ನು ದರ್ಜಿ ಹೊಲಿದುಕೊಟ್ಟ, ಯಾಕೆ ಎಂದು ಕೇಳಲಿಲ್ಲ.

ರಜೆಯ ದಿನ ಕಚೇರಿಗೆ ಬೀಗ. ಕಾವಲಿಗೆ ಒಬ್ಬನೇ ಪೊಲೀಸ್, ರುದ್ರಮುನಿ ಅಂತ. ನಮ್ಮ ಕೇರಿಯ ಪಕ್ಕದವನೇ. ಆ ದಿನ ಗುಂಡು ಹೊಡೆದವರ ಸಾಲಿನಲ್ಲಿ ಅವನೂ ಇದ್ದ, ನಾನು ನೋಡಿದ್ದೆ. ನಾವು ಖಾಕಿ ತೊಟ್ಟು ಬರುವುದನ್ನು ಕಂಡು ಅವನ ಹೆಜ್ಜೆ ಒಂದು ಗಳಿಗೆ ತಪ್ಪಿತು. ಮಾವ ಅವನಿಗೆ ಏನೋ ಹೇಳಲು ಹೋದ. ಅವನು ಕೇಳದೆ ಚಹಾ ಅಂಗಡಿಯ ಕಡೆ ನಡೆದ. ನಾನು ಸಾಲು ಮಾಡತೊಡಗಿದೆ. ಬಿದ್ದವರು ಎಲ್ಲಿ ಬಿದ್ದಿದ್ದರೋ ಅಲ್ಲಿಂದ ಹಿಂದಕ್ಕೆ, ಪೊಲೀಸರು ನಿಂತಿದ್ದ ಜಾಗ ನನಗೆ ನೆನಪಿತ್ತು. ಆದರೆ ಕೆಲವರು ಮಂಡಿಯೂರಿದ್ದನ್ನು ಮರೆತು ಎಲ್ಲರನ್ನೂ ನಿಲ್ಲಿಸಿಬಿಟ್ಟಿದ್ದೆ. ಅಷ್ಟರಲ್ಲಿ ರುದ್ರಮುನಿ ತಿರುಗಿ ಬಂದ.

"ಮುಂದಿನ ಸಾಲು ಕೂತಿತ್ತು," ಎಂದ, ಯಾರ ಮುಖವನ್ನೂ ನೋಡದೆ. "ಬಲಮಂಡಿ ನೆಲಕ್ಕೆ. ಏಯ್ ಅಜ್ಜಿ, ಅದನ್ನ ಸೌಟು ಹಿಡಿದಂಗೆ ಹಿಡೀಬೇಡ. ಮೊಣಕೈ ಒಳಗೆ ತಗೋ."

ಅವನು ಒಬ್ಬೊಬ್ಬರ ಹತ್ತಿರವೂ ಹೋಗಿ, ಕಾಲು ಆಡಿಸುತ್ತಲೇ, ಕೈ ಸರಿಮಾಡಿದ. ಅವ್ವನ ಮುಂದೆ ಬಂದು ನಿಂತಾಗ ಅವಳು, ನೀನು ಎಲ್ಲಿದ್ದೆ ಎಂದು ಕೇಳಿದಳು. ಅವನು ಸಾಲಿನ ಎಡಗಡೆ ಬೆರಳು ತೋರಿಸಿದ. ಅವ್ವ ಎದ್ದು ಅಲ್ಲಿಗೆ ಹೋಗಿ ಮಂಡಿಯೂರಿದಳು. ಅಲ್ಲಿಂದ ನೇರ ಎದುರಿಗೆ ಗೋಡೆಯಲ್ಲಿ ಅಣ್ಣ ಮಲಗಿದ್ದ. ರುದ್ರಮುನಿ ಅವಳ ಮೊಣಕೈ ಮುಟ್ಟಲಿಲ್ಲ. ನಾನೊಂದು ಸುತ್ತು ಹೋಗಿ ಬರ್ತೀನಿ ಎಂದು ಹೊರಟ.

ಎಲ್ಲರ ಮುಖಕ್ಕೂ ನಾನೇ ವಸ್ತ್ರ ಕಟ್ಟಿದೆ, ಒದ್ದೆ ಮಾಡಿ, ಚರ್ಮಕ್ಕೆ ಅಂಟುವ ಹಾಗೆ, ಮಾವ ಕಲಿಸಿದ ಹಾಗೇ. ಬಿಸಿಲು ಬೆನ್ನಿಗಿತ್ತು. ನಾನು ಅಲುಗಬೇಡಿ ಎಂದೆ. ಅಂಗಡಿಯಲ್ಲಿ ದಿನಾ ಹೇಳುವ ಮಾತು, ಅದೊಂದನ್ನು ಮಾತ್ರ ನಾನು ಯಾರ ಮುಂದೆಯೂ ಹೇಳಬಲ್ಲೆ. ಎಲ್ಲರೂ ಹಾಗೇ ನಿಂತರು. ಅವ್ವನ ಕೈ ಒಂದು ಕೂದಲೆಳೆಯಷ್ಟೂ ನಡುಗಲಿಲ್ಲ. ಸುತ್ತ ಓಡಾಡುತ್ತಿದ್ದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಮುಂದೆ ಹೋದರೆ ಗೋಡೆಗೆ ಅಡ್ಡವಾಗುತ್ತೇನೆ ಎಂದು ಹೋಗಲಿಲ್ಲ.

ಮಾರನೆಯ ಬೆಳಗ್ಗೆ ಸಾಹೇಬರ ಕಾರು ಬರುವ ಮೊದಲೇ ಊರೆಲ್ಲ ಅಲ್ಲಿ ಸೇರಿತ್ತು. ಮೇಲಿನ ಬಿಳುಪು ತುಂಬಿಹೋಗಿತ್ತು. ಟೋಪಿ, ಅಂಗಿ, ಗುರಿ ಹಿಡಿದ ಬಂದೂಕುಗಳು. ಮುಖಗಳ ಜಾಗದಲ್ಲಿ ಬರೀ ನುಣುಪು. ಆ ದಿನ ನಾನು ಕಂಡದ್ದೇ. ಅಷ್ಟು ಸರಿಯಾಗಿ ಬಂದಿತ್ತು. ಕೇರಿಯವರಲ್ಲಿ ಒಬ್ಬರು ಅಳತೊಡಗಿದರು, ಸಮಾಧಾನದ ಅಳು. ಆಮೇಲೆ ಆ ಅಳು ನಿಂತಿತು. ಎಲ್ಲರೂ ಸಾಲಿನ ಎಡಗಡೆ ನೋಡುತ್ತಿದ್ದರು.

ಅಲ್ಲಿ ಒಂದು ಟೋಪಿಯ ಕೆಳಗೆ ಅವ್ವನ ಮುಖವಿತ್ತು. ಮೂಗುಬೊಟ್ಟು, ಹಣೆಯ ಗೆರೆ, ಅಳುವಿಗೆ ತೆರೆದು ಹಾಗೇ ಉಳಿದ ಬಾಯಿ. ಕೈ ಅಲುಗದ ಹಾಗೆ ಹಿಡಿದುಕೊಂಡು ಅವಳು ಒಳಗೇ ಅತ್ತಿದ್ದಳು. ಅಷ್ಟು ಹೊತ್ತೂ ಅವಳ ಉಸಿರಿಗೆ ಮುಖದ ಮೇಲಿನ ವಸ್ತ್ರ ಏರಿ ಇಳಿದಿರಬೇಕು. ಅಲುಗಿದ್ದನ್ನು ಬಿಟ್ಟು ಗೋಡೆ ಅದರ ಹಿಂದಿನದನ್ನು ತೆಗೆದುಕೊಂಡಿತ್ತು. ಅವಳ ಬಂದೂಕಿನ ತುದಿಯ ನೇರಕ್ಕೆ ಅಣ್ಣನ ಬೆನ್ನು.

ಸಾಹೇಬರು ಬಂದು ಕುರ್ಚಿಯಲ್ಲಿ ಕುಳಿತರು. ಹೋದ ಸಲ ಇದು ಕಾಣಲಿಲ್ಲವಲ್ಲ ಎಂದು ಗುಮಾಸ್ತನನ್ನು ಕೇಳಿದರು. ಗುಮಾಸ್ತ, ಕೆಲವು ಗೋಡೆ ತಡವಾಗಿ ಬಿಡುತ್ತವೆ ಸ್ವಾಮಿ ಎಂದ. ಪೊಲೀಸರ ಮೇಲಧಿಕಾರಿ ಮೊದಲು ಬಿಳಿಚಿಕೊಂಡಿದ್ದ. ಅವ್ವನ ಮುಖ ಕಂಡ ಮೇಲೆ ಅವನ ಬಣ್ಣ ತಿರುಗಿ ಬಂತು. ನಮ್ಮಲ್ಲಿ ಹೆಂಗಸರು ಇಲ್ಲವಲ್ಲ ಸ್ವಾಮಿ, ಇವರು ಪೊಲೀಸರಲ್ಲ, ಊರಿನವರೇ ಖಾಕಿ ಹಾಕಿಕೊಂಡು ಬಂದಿದ್ದಾರೆ ಎಂದ, ಹೆಜ್ಜೆ ಹಾಕುತ್ತಾ. ಸಾಹೇಬರು ಅದು ಸರಿ ಎನ್ನುವ ಹಾಗೆ ತಲೆಯಾಡಿಸಿ ಅವ್ವನನ್ನು ಕರೆಸಿದರು.

ಅವಳು ಹೋಗುವಾಗ ಮಾವ ಅವಳ ಸೆರಗು ಹಿಡಿದು, ಬದಲಿ ಅಂತ ಹೇಳಿಬಿಡು ಅಕ್ಕ, ಪದ್ಧತಿ ಅಂತ ಹೇಳು, ಬಿಡ್ತಾರೆ ಎಂದು ಪಿಸುಗುಟ್ಟಿದ. ಅವ್ವ ಸೆರಗು ಬಿಡಿಸಿಕೊಂಡಳು. ನನ್ನ ಬಾಯಲ್ಲಿ ಆ ಮಾತು ಇತ್ತು. ನಾನು ಜನರನ್ನು ತಳ್ಳಿಕೊಂಡು ಸಾಹೇಬರ ಕುರ್ಚಿಯವರೆಗೂ ಹೋದೆ. ಸ್ವಾಮಿ ಎಂದೆ, ಸ್ವರವೂ ಬಂತು. ಎಲ್ಲರೂ ನನ್ನ ಕಡೆ ತಿರುಗಿದರು. ಅವ್ವನೂ ತಿರುಗಿದಳು.

"ಚೌಡೀ, ಅಲುಗಬೇಡ," ಎಂದಳು.

ಮೆಲ್ಲಗೆ ಹೇಳಿದಳು, ಕೂಸಿನ ಗಲ್ಲ ಎತ್ತಿ ಹೇಳುವ ಹಾಗೆ. ನಾನು ನಿಂತುಬಿಟ್ಟೆ.

ಸಾಹೇಬರು ಅವ್ವನಿಗೆ ಗೋಡೆ ತೋರಿಸಿ, ಇದು ನೀನೇನಮ್ಮ ಎಂದು ಕೇಳಿದರು. ಅವ್ವ, ಅದನ್ನು ಹೇಳುವ ಮೊದಲು ಒಂದು ಕೇಳಬೇಕು ಎಂದಳು. ಆ ಬಂದೂಕು ನಿಜ ಅಂತ ಬರೆದುಕೊಳ್ಳುತ್ತೀರಾ ಎಂದು ಕೇಳಿದಳು. ಗೋಡೆಯಲ್ಲಿದೆಯಲ್ಲ ಎಂದರು ಸಾಹೇಬರು. ನನ್ನ ಮಗ ತುಳಿಸಿಕೊಂಡು ಸತ್ತದ್ದಲ್ಲ ಅಂತ ಬರೆಯುತ್ತೀರಾ ಎಂದಳು. ಬಂದೂಕಿದ್ದ ಮೇಲೆ ತುಳಿತವೆಂದು ಹೇಗೆ ಬರೆಯುವುದು ಎಂದರು. ಎಲ್ಲರದ್ದೂ ಹಾಗೇ ಬರೆಯುತ್ತೀರಾ, ದ್ಯಾಮಜ್ಜಿಯದ್ದೂ ಎಂದಳು. ಸಾಹೇಬರಿಗೆ ದ್ಯಾಮಜ್ಜಿ ಯಾರೆಂದು ಗೊತ್ತಿರಲಿಲ್ಲ, ಆದರೂ ಹೌದು ಎಂದರು.

"ಹಂಗಾರೆ ಅದು ನಾನೇ," ಎಂದಳು ಅವ್ವ.

ಜೊತೆಯವರು ಯಾರು ಎಂದು ಮೇಲಧಿಕಾರಿ ಕೇಳಿದ. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದರು, ನನಗೆ ಹೇಗೆ ಗೊತ್ತಾಗಬೇಕು ಎಂದಳು. ಖಾಕಿ ತೊಟ್ಟಿದ್ದ ಹೆಂಗಸರೆಲ್ಲ ಅವಳ ಎದುರಿಗೇ ನಿಂತಿದ್ದರು. ಯಾಕೆ ಕೊಂದೆ ಎಂದು ಕೇಳಿದ್ದಕ್ಕೆ ಅವಳು ಗೋಡೆಯ ಕಡೆ ಕೈ ಮಾಡಿದಳು. ಸಾಹೇಬರು ಒತ್ತಾಯ ಮಾಡಲಿಲ್ಲ. ಗೋಡೆಯಲ್ಲಿ ಯಾಕೆ ಎನ್ನುವುದು ಬರುವುದಿಲ್ಲ.

ಗುಮಾಸ್ತ ಹಳೆಯ ಹಾಳೆ ಹರಿದು ಹೊಸದು ಬರೆದ. ರುಜುವಾಯಿತು. ಅವ್ವನನ್ನು ಕರೆದೊಯ್ಯಲು ರುದ್ರಮುನಿಗೇ ಹೇಳಿದರು. ಅವನು ಅವಳ ಪಕ್ಕ ಬಂದು ನಿಂತ. ಕಾಲು ಆಡಿಸುವುದನ್ನು ಮರೆತಿದ್ದ. ಮೇಲಧಿಕಾರಿ ಗದರಿದ ಮೇಲೆ ಮತ್ತೆ ಶುರುಮಾಡಿದ.

ಅವ್ವ ಹೊರಡಲಿಲ್ಲ. ಬರೆದದ್ದನ್ನು ಓದಿ ಹೇಳಪ್ಪ ಎಂದು ಗುಮಾಸ್ತನನ್ನು ಕೇಳಿದಳು. ಅವನು ಸಾಹೇಬರ ಮುಖ ನೋಡಿ, ಓದಿದ. ಒಂದೊಂದೇ ಹೆಸರು, ಹೆಸರಿನ ಮುಂದೆ ಗುಂಡೇಟಿನಿಂದ ಮರಣ. ಹೆಸರು ಬಂದಾಗ ಆಯಾ ಮನೆಯವರು ತಲೆ ಎತ್ತುತ್ತಿದ್ದರು. ಅಣ್ಣನ ಹೆಸರನ್ನು ಅವನು ಗಡಿಬಿಡಿಯಲ್ಲಿ ನುಂಗಿಬಿಟ್ಟ.

"ಅದು ಸರಿಯಾಗಿ ಕೇಳ್ಸಲಿಲ್ಲ," ಎಂದಳು ಅವ್ವ. "ಇನ್ನೊಂದ್ಸಲ ಓದು."